ಖಾಸಗಿ ಆರೋಗ್ಯ ವಿಮೆಯ ಪ್ರೀಮಿಯಂ ರಿಯಾಯಿತಿ (ಆಸ್ಟ್ರೇಲಿಯಾ)

ಜನರು ಖಾಸಗಿ ಸಂಸ್ಥೆಗಳಿಂದ ಕೊಳ್ಳುವ ಆರೋಗ್ಯ ವಿಮೆಯ ಪ್ರೀಮಿಯಂನಲ್ಲಿ ಒಂದು ಪಾಲನ್ನು ಸರ್ಕಾರವೇ ಭರಿಸುವ ಪದ್ಧತಿ ಹಲವು ದೇಶಗಳಲ್ಲಿ ಒಂದಲ್ಲ ಒಂದು ರೂಪದಲ್ಲಿದೆ. ಅದರಲ್ಲಿ ಹೆಚ್ಚು ಚರ್ಚೆಗೆ ಒಳಗಾದದ್ದು ಆಸ್ಟ್ರೇಲಿಯಾದ ಯೋಜನೆ. 1999ರ ಜನವರಿ 1ರಂದು ಪ್ರೀಮಿಯಂನ ಶೇ 30ರಷ್ಟನ್ನು ಸರ್ಕಾರ ಕೊಡುವುದರೊಂದಿಗೆ ಅದು ಆರಂಭವಾಯಿತು. ಆಗ ಆದಾಯದ ಮಿತಿ ಇರಲಿಲ್ಲ. ಕಾರ್ಮಿಕನಿಗೂ ಕೋಟ್ಯಧಿಪತಿಗೂ ಒಂದೇ ದರ. 2012ರಿಂದ ಆದಾಯಕ್ಕೆ ತಕ್ಕಂತೆ ದರ ಬದಲಾಗುತ್ತದೆ. 2020ರ ದಶಕದ ಆರಂಭದ ವರ್ಷಗಳಲ್ಲಿ ಇದಕ್ಕಾಗಿ ಒಕ್ಕೂಟ ಸರ್ಕಾರ ವರ್ಷಕ್ಕೆ 600ರಿಂದ 700 ಕೋಟಿ ಆಸ್ಟ್ರೇಲಿಯನ್ ಡಾಲರ್ ಖರ್ಚು ಮಾಡಿದೆ. ದೇಶದ ಜನರಲ್ಲಿ ಸುಮಾರು ಶೇ 45 ಮಂದಿಗೆ ಆಸ್ಪತ್ರೆ ಚಿಕಿತ್ಸೆಯ ಖಾಸಗಿ ವಿಮೆಯಿದೆ.

ಎಲ್ಲರಿಗೂ ಉಚಿತ ಆಸ್ಪತ್ರೆ ಚಿಕಿತ್ಸೆ ಕೊಡುವ ಸರ್ಕಾರವೇ, ಆ ಚಿಕಿತ್ಸೆಗೆ ಬದಲಾಗಿ ಖಾಸಗಿ ವಿಮೆ ಮಾಡಿಸಿ ಎಂದು ಜನರಿಗೆ ಹಣ ಕೊಡುತ್ತದೆ. ಯೋಜನೆಯ ಕುರಿತ ಚರ್ಚೆಯೆಲ್ಲ ಹುಟ್ಟುವುದು ಇಲ್ಲಿಂದಲೇ.

ಹಿನ್ನೆಲೆ

1975ಕ್ಕೆ ಮುಂಚೆ ಆಸ್ಟ್ರೇಲಿಯಾದಲ್ಲಿ ಸಾರ್ವತ್ರಿಕ ಆರೋಗ್ಯ ವಿಮೆ ಇರಲಿಲ್ಲ. ಆರೋಗ್ಯ ಸಚಿವರಾಗಿದ್ದ, ಸ್ವತಃ ಶಸ್ತ್ರವೈದ್ಯರಾದ ಅರ್ಲ್ ಪೇಜ್ 1950ರ ದಶಕದಲ್ಲಿ ರೂಪಿಸಿದ ವ್ಯವಸ್ಥೆಯಲ್ಲಿ ಲಾಭರಹಿತ ವಿಮಾ ನಿಧಿಗಳಿಗೆ ಸೇರಿದವರಿಗೆ ಸರ್ಕಾರದ ಸಹಾಯಧನ ಸಿಗುತ್ತಿತ್ತು; ಕಟ್ಟಿದ ಪ್ರೀಮಿಯಂಗೆ ಆದಾಯ ತೆರಿಗೆಯಲ್ಲಿ ವಿನಾಯಿತಿಯೂ ಇತ್ತು. ಖಾಸಗಿ ವಿಮೆಗೆ ಸರ್ಕಾರಿ ಹಣ ಸುರಿಯುವುದು 1999ರಲ್ಲಿ ಹುಟ್ಟಿದ ಯೋಚನೆಯೇನಲ್ಲ. ಆದರೆ ಬಡವರೇ ಆ ವ್ಯವಸ್ಥೆಯಿಂದ ಹೊರಗುಳಿಯುತ್ತಾರೆ, ಹೆಚ್ಚು ಸಂಪಾದಿಸುವವನಿಗೇ ಹೆಚ್ಚು ತೆರಿಗೆ ಉಳಿಯುತ್ತದೆ ಎಂಬ ಆಕ್ಷೇಪ 1960ರ ದಶಕದಲ್ಲಿ ಬಲವಾಯಿತು. ಜಾನ್ ಡೀಬಲ್ ಮತ್ತು ರಿಚರ್ಡ್ ಸ್ಕಾಟನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1968ರಲ್ಲಿ ತೆರಿಗೆ ಹಣದಿಂದ ನಡೆಯುವ ಸಾರ್ವತ್ರಿಕ ವಿಮೆಯ ನಕ್ಷೆ ಮುಂದಿಟ್ಟರು. ಗಾಫ್ ವಿಟ್ಲಮ್ ಅವರ ಲೇಬರ್ ಸರ್ಕಾರ ಅದನ್ನು ಕೈಗೆತ್ತಿಕೊಂಡಿತು. ಸೆನೆಟ್ ಮತ್ತೆ ಮತ್ತೆ ತಡೆದದ್ದರಿಂದ 1974ರಲ್ಲಿ ಸಂಸತ್ತಿನ ಎರಡೂ ಸದನಗಳು ವಿಸರ್ಜನೆಯಾಗಿ ಚುನಾವಣೆ ನಡೆಯಿತು. ಅದೇ ಆಗಸ್ಟ್‌ನಲ್ಲಿ ಎರಡೂ ಸದನಗಳ ಜಂಟಿ ಅಧಿವೇಶನ ಮಸೂದೆಗಳನ್ನು ಅಂಗೀಕರಿಸಿತು. ಆಸ್ಟ್ರೇಲಿಯಾದ ಇತಿಹಾಸದಲ್ಲಿ ಮಸೂದೆ ಪಾಸು ಮಾಡಲು ನಡೆದ ಜಂಟಿ ಅಧಿವೇಶನ ಅದೊಂದೇ.

ಹೀಗೆ 1975ರ ಜುಲೈ 1ರಂದು ಆರಂಭವಾದ ಮೆಡಿಬ್ಯಾಂಕ್ ಹೆಚ್ಚು ದಿನ ಬಾಳಲಿಲ್ಲ. ಮಾಲ್ಕಮ್ ಫ್ರೇಜರ್ ಸರ್ಕಾರ ಅದನ್ನು ಹಂತಹಂತವಾಗಿ ಕಳಚಿ 1981ರಲ್ಲಿ ಕೈಬಿಟ್ಟಿತು. ಈ ನಡುವೆ, 1976ರಲ್ಲಿ, ಸರ್ಕಾರವೇ ‘ಮೆಡಿಬ್ಯಾಂಕ್ ಪ್ರೈವೇಟ್’ ಎಂಬ ವಿಮಾ ಸಂಸ್ಥೆಯನ್ನು ತೆರೆದು ಖಾಸಗಿಯವರ ಜೊತೆ ಸ್ಪರ್ಧೆಗೆ ಇಳಿದಿತ್ತು. 1984ರ ಫೆಬ್ರುವರಿ 1ರಂದು ಬಾಬ್ ಹಾಕ್ ಸರ್ಕಾರ ‘ಮೆಡಿಕೇರ್’ ಹೆಸರಿನಲ್ಲಿ ಸಾರ್ವತ್ರಿಕ ವಿಮೆಯನ್ನು ಮರಳಿ ತಂದಿತು. ಅದು ಇಂದಿಗೂ ನಡೆದಿದೆ.

ಮೆಡಿಕೇರ್ ಬಂದ ಮೇಲೆ ಖಾಸಗಿ ವಿಮೆಗೆ ಗಿರಾಕಿ ಕಡಿಮೆಯಾದದ್ದು ಸಹಜ. 1984ರಲ್ಲಿ ಜನಸಂಖ್ಯೆಯ ಅರ್ಧದಷ್ಟು ಮಂದಿಗೆ ಆಸ್ಪತ್ರೆ ವಿಮೆಯಿತ್ತು. 1998ರ ಕೊನೆಗೆ ಅದು ಶೇ 30ರ ಆಸುಪಾಸಿಗೆ ಬಂದು ನಿಂತಿತು. ಸಂಖ್ಯೆ ಇಳಿದದ್ದಕ್ಕಿಂತ ಯಾರು ಬಿಟ್ಟುಹೋದರು ಎಂಬುದು ಮುಖ್ಯವಾಗಿತ್ತು. ಆಸ್ಟ್ರೇಲಿಯಾದ ಕಾನೂನಿನಲ್ಲಿ ವಿಮಾ ಸಂಸ್ಥೆ ಗಿರಾಕಿಯ ಕಾಯಿಲೆ ನೋಡಿ ದರ ಏರಿಸುವಂತಿಲ್ಲ, ರೋಗಿಯನ್ನು ಬಾಗಿಲಲ್ಲೇ ತಡೆಯುವಂತಿಲ್ಲ. ಆಗ ಒಂದೇ ಪಾಲಿಸಿಗೆ ಎಲ್ಲರಿಗೂ ಒಂದೇ ಬೆಲೆ ಇತ್ತು. ಇಂಥ ಕಡೆ ಗಟ್ಟಿಮುಟ್ಟಾದ ಯುವಕರು ಮೊದಲು ಬಿಡುತ್ತಾರೆ. ಉಳಿಯುವವರು ವಯಸ್ಸಾದವರು, ಆಪರೇಷನ್ ಬೇಕಾದವರು. ಕ್ಲೇಮು ಹೆಚ್ಚಿ ಪ್ರೀಮಿಯಂ ಏರುತ್ತದೆ, ಏರಿದ್ದಕ್ಕೆ ಇನ್ನಷ್ಟು ಜನ ಬಿಡುತ್ತಾರೆ. 1990ರ ದಶಕದ ಉದ್ದಕ್ಕೂ ನಡೆದದ್ದು ಇದೇ.

1997ರಿಂದ 2000: ಮೂರು ಅಸ್ತ್ರಗಳು

1996ರಲ್ಲಿ ಅಧಿಕಾರಕ್ಕೆ ಬಂದ ಜಾನ್ ಹವರ್ಡ್ ಅವರ ಲಿಬರಲ್–ನ್ಯಾಷನಲ್ ಮೈತ್ರಿ ಸರ್ಕಾರ, ಮೆಡಿಕೇರ್ ಉಳಿಸಿಕೊಂಡೇ ಖಾಸಗಿ ವಿಮೆಯನ್ನೂ ಎತ್ತಿ ನಿಲ್ಲಿಸುತ್ತೇನೆ ಎಂದು ಹೊರಟಿತು. ಮೊದಲ ಹೆಜ್ಜೆ 1997ರ ಜುಲೈಯಲ್ಲಿ. ಕಡಿಮೆ ಮತ್ತು ಮಧ್ಯಮ ಆದಾಯದವರಿಗೆ ಪ್ರೀಮಿಯಂ ಮೇಲೆ ಸಣ್ಣ ಮೊತ್ತದ ಸಹಾಯಧನ. ಹೆಚ್ಚು ಆದಾಯವಿದ್ದೂ ಆಸ್ಪತ್ರೆ ವಿಮೆ ಮಾಡಿಸದವರಿಗೆ ಶೇ 1ರ ಹೆಚ್ಚುವರಿ ತೆರಿಗೆ. ಮೆಡಿಕೇರ್ ಲೆವಿ ಸರ್‌ಚಾರ್ಜ್ ಎಂಬ ಈ ತೆರಿಗೆ ಆಗ ಒಂಟಿಯಾಗಿರುವವರಿಗೆ 50,000, ಕುಟುಂಬಕ್ಕೆ 1 ಲಕ್ಷ ಡಾಲರ್ ಆದಾಯದ ಮೇಲೆ ಅನ್ವಯವಾಗುತ್ತಿತ್ತು. ಫಲಿತಾಂಶ ಶೂನ್ಯ. ಜನ ವಿಮೆ ಬಿಡುವುದು ನಿಲ್ಲಲಿಲ್ಲ.

ಆಗ ಬಂದದ್ದು ಶೇ 30ರ ರಿಯಾಯಿತಿ. ಆರೋಗ್ಯ ಸಚಿವ ಮೈಕೆಲ್ ವುಲ್‌ರಿಜ್ ಅವರ ಕಾಲದಲ್ಲಿ ಜಾರಿಯಾದ ಇದು ಆದಾಯ ನೋಡದೆ ಎಲ್ಲರಿಗೂ ಸಲ್ಲುತ್ತಿತ್ತು. ಮುಳುಗುತ್ತಿದ್ದ ಸಂಖ್ಯೆ ನಿಂತಿತು, ಸ್ವಲ್ಪ ಮೇಲಕ್ಕೂ ಬಂತು. ಆದರೆ ನಿಜವಾದ ನೆಗೆತ ಕಂಡದ್ದು 2000ದ ಮಧ್ಯದಲ್ಲಿ, ಮೂರನೆಯ ಅಸ್ತ್ರ ಪ್ರಯೋಗವಾದಾಗ. ಅದು ‘ಲೈಫ್‌ಟೈಮ್ ಹೆಲ್ತ್ ಕವರ್’. ಮೂವತ್ತು ದಾಟಿದ ಮೇಲೆ ಮೊದಲ ಬಾರಿ ಆಸ್ಪತ್ರೆ ವಿಮೆ ಕೊಳ್ಳುವವನು, ಮೂವತ್ತರ ಮೇಲಿನ ಪ್ರತಿ ವರ್ಷಕ್ಕೂ ಶೇ 2ರಂತೆ ಹೆಚ್ಚುವರಿ (ಲೋಡಿಂಗ್) ತೆರಬೇಕು. ಗರಿಷ್ಠ ಶೇ 70. ನಲವತ್ತರಲ್ಲಿ ಸೇರಿದರೆ ಶೇ 20, ಐವತ್ತರಲ್ಲಿ ಸೇರಿದರೆ ಶೇ 40. ಹತ್ತು ವರ್ಷ ಬಿಡದೆ ವಿಮೆ ಇಟ್ಟುಕೊಂಡ ಮೇಲಷ್ಟೇ ಈ ಭಾರ ಇಳಿಯುತ್ತದೆ (ಈ ಹತ್ತು ವರ್ಷದ ನಿಯಮ ಆಮೇಲೆ ಸೇರಿದ್ದು). 2000ದ ಜುಲೈಯೊಳಗೆ ಸೇರಿದರೆ ವಯಸ್ಸು ಎಷ್ಟೇ ಇದ್ದರೂ ಲೋಡಿಂಗ್ ಇಲ್ಲ ಎಂಬ ಗಡುವು, ಅದರ ಜೊತೆಗೆ ಕೊಡೆಯ ಚಿತ್ರ ಹೊತ್ತ ಭಾರಿ ಸರ್ಕಾರಿ ಜಾಹೀರಾತು. ವಿಮಾ ಕಚೇರಿಗಳಲ್ಲಿ ಜನ ಮುಗಿಬಿದ್ದರು. ಜೂನ್ 30ರ ಗಡುವನ್ನು ಎರಡು ವಾರ ಮುಂದಕ್ಕೆ ಹಾಕಬೇಕಾಯಿತು. ಕೆಲವೇ ತಿಂಗಳಲ್ಲಿ ವಿಮೆ ಇದ್ದವರ ಪ್ರಮಾಣ ಮೂರನೇ ಒಂದು ಭಾಗದಿಂದ ಶೇ 45ಕ್ಕೆ ಏರಿತು.

ಜಾಹೀರಾತಿನ ಸಾಮ, ರಿಯಾಯಿತಿಯ ದಾನ, ವಯಸ್ಸಿನ ಭೇದ, ಸರ್‌ಚಾರ್ಜಿನ ದಂಡ: ನಾಲ್ಕೂ ಉಪಾಯ ಒಟ್ಟಿಗೆ ನಡೆದ ಕಾಲ ಅದು. ಇವುಗಳಲ್ಲಿ ಖಜಾನೆಗೆ ದುಬಾರಿಯಾದದ್ದು ದಾನ ಮಾತ್ರ. ವಯಸ್ಸಿನ ಲೋಡಿಂಗಿಗೆ ಸರ್ಕಾರಕ್ಕೆ ಜಾಹೀರಾತಿನ ಖರ್ಚು ಬಿಟ್ಟರೆ ಬೇರೇನೂ ತಗುಲಲಿಲ್ಲ.

2005ರ ಏಪ್ರಿಲ್ 1ರಿಂದ 65ರಿಂದ 69 ವಯಸ್ಸಿನವರಿಗೆ ಶೇ 35, 70 ತುಂಬಿದವರಿಗೆ ಶೇ 40 ಎಂದು ದರ ಏರಿಸಲಾಯಿತು. ವಯಸ್ಸಾದವರು ಹೇಗೂ ವಿಮೆ ಬಿಡುವವರಲ್ಲ. ಈ ಏರಿಕೆಗೆ ಆರೋಗ್ಯ ನೀತಿಗಿಂತ ಮತದ ಲೆಕ್ಕಾಚಾರವೇ ಹೆಚ್ಚು ಕಾರಣ ಎಂದರೆ ತಪ್ಪಾಗದು.

ಲೆಕ್ಕ ಹೇಗೆ

ರಿಯಾಯಿತಿ ಪಡೆಯಲು ಎರಡು ದಾರಿ. ವಿಮಾ ಸಂಸ್ಥೆಯಲ್ಲೇ ಅರ್ಜಿ ಕೊಟ್ಟರೆ ಅವರು ಪ್ರೀಮಿಯಂನಲ್ಲಿ ಅಷ್ಟನ್ನು ಕಳೆದು ಬಿಲ್ ಕೊಡುತ್ತಾರೆ, ಕಳೆದ ಹಣವನ್ನು ಸರ್ಕಾರದಿಂದ ವಸೂಲು ಮಾಡಿಕೊಳ್ಳುತ್ತಾರೆ. ಹೆಚ್ಚಿನವರು ಮಾಡುವುದು ಹೀಗೆ. ಇಲ್ಲವೇ ಪೂರ್ತಿ ಕಟ್ಟಿ, ವರ್ಷದ ಕೊನೆಗೆ ತೆರಿಗೆ ರಿಟರ್ನ್‌ನಲ್ಲಿ ಕೇಳಿ ಪಡೆಯಬಹುದು. ಕಟ್ಟಬೇಕಾದ ತೆರಿಗೆಯೇ ಇಲ್ಲದವನಿಗೂ ಹಣ ಕೈಗೆ ಬರುತ್ತದೆ.

2025ರ ಏಪ್ರಿಲ್‌ನಿಂದ, 65 ತುಂಬದವರಿಗೆ ಪೂರ್ಣ ದರ ಶೇ 24.288. 2025–26ರ ಸಾಲಿಗೆ ಈ ದರ ಸಿಗುವುದು ಒಂಟಿಯಾಗಿರುವವರ ಆದಾಯ 1,01,000, ಕುಟುಂಬದ ಆದಾಯ 2,02,000 ಡಾಲರ್ ಮೀರದಿದ್ದರೆ. ಅದರ ಮೇಲಿನ ಮೊದಲ ಹಂತದಲ್ಲಿ ಶೇ 16.192, ಎರಡನೇ ಹಂತದಲ್ಲಿ ಶೇ 8.095, ಮೂರನೆಯದರಲ್ಲಿ ಏನೂ ಇಲ್ಲ. ವರ್ಷಕ್ಕೆ 5,000 ಡಾಲರ್ ಪ್ರೀಮಿಯಂ ಕಟ್ಟುವ ಕುಟುಂಬ ಪೂರ್ಣ ದರದಲ್ಲಿ 1,214 ಡಾಲರ್, ಮೊದಲ ಹಂತದಲ್ಲಿ 810, ಎರಡನೆಯದರಲ್ಲಿ 405 ಡಾಲರ್ ಉಳಿಸುತ್ತದೆ. ಎಪ್ಪತ್ತು ತುಂಬಿದವರಿಗೆ ಪೂರ್ಣ ದರ ಶೇ 32.385. ಎರಡನೆಯ ಮಗುವಿನಿಂದ ಮೊದಲ್ಗೊಂಡು ಪ್ರತಿ ಮಗುವಿಗೂ ಕುಟುಂಬದ ಮಿತಿ 1,500 ಡಾಲರ್ ಏರುತ್ತದೆ.

ದಂಡದ ಲೆಕ್ಕ ಇದಕ್ಕೆ ಹೆಣೆದುಕೊಂಡಿದೆ. ಅದೇ ಹಂತಗಳಿಗೆ ಸರ್‌ಚಾರ್ಜ್ ಕ್ರಮವಾಗಿ ಶೇ 1, 1.25 ಮತ್ತು 1.5. ಅದು ಮಿತಿ ಮೀರಿದ ಭಾಗದ ಮೇಲಲ್ಲ, ಇಡೀ ಆದಾಯದ ಮೇಲೆ. ವರ್ಷಕ್ಕೆ 1,10,000 ಡಾಲರ್ ದುಡಿಯುವ ಅವಿವಾಹಿತ ಎಂಜಿನಿಯರ್ ಒಬ್ಬ ವಿಮೆ ಇಲ್ಲದಿದ್ದರೆ 1,100 ಡಾಲರ್ ತೆರಬೇಕು. 1,200 ಡಾಲರಿನ ಅಗ್ಗದ ಆಸ್ಪತ್ರೆ ಪಾಲಿಸಿ ಕೊಂಡರೆ ರಿಯಾಯಿತಿ ಕಳೆದು ಅವನಿಗೆ ಬೀಳುವುದು ಸುಮಾರು 1,006. ಪಾಲಿಸಿಯನ್ನು ಒಮ್ಮೆಯೂ ಬಳಸದಿದ್ದರೂ ಅವನಿಗೆ ಲಾಭವೇ. ಹೀಗೆ ತೆರಿಗೆ ತಪ್ಪಿಸಲೆಂದೇ ಕೊಳ್ಳುವ, ಒಳಗೆ ಹೆಚ್ಚೇನೂ ಇಲ್ಲದ ಪಾಲಿಸಿಗಳಿಗೆ ಅಲ್ಲಿನ ಪತ್ರಿಕೆಗಳು ‘ಜಂಕ್ ಪಾಲಿಸಿ’ ಎಂದೇ ಹೆಸರಿಟ್ಟಿವೆ. 2019ರ ಏಪ್ರಿಲ್‌ನಿಂದ ಪಾಲಿಸಿಗಳನ್ನು ಗೋಲ್ಡ್, ಸಿಲ್ವರ್, ಬ್ರಾಂಜ್, ಬೇಸಿಕ್ ಎಂದು ವಿಂಗಡಿಸಿದ್ದು ಯಾವುದರಲ್ಲಿ ಏನಿದೆ ಎಂದು ಗಿರಾಕಿಗೆ ತಿಳಿಯಲಿ ಎಂದು. ಆದರೆ ಬೇಸಿಕ್ ಕೊಂಡರೂ ದಂಡ ತಪ್ಪುತ್ತದೆ, ಅದಕ್ಕೂ ರಿಯಾಯಿತಿ ಸಿಗುತ್ತದೆ.

ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನೆಲೆಸುತ್ತಿರುವ ಕನ್ನಡಿಗ ಕುಟುಂಬಗಳಿಗೆ ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ರಿಯಾಯಿತಿ ಸಿಗುವುದು ಮೆಡಿಕೇರ್‌ಗೆ ಅರ್ಹರಾದವರಿಗೆ ಮಾತ್ರ. ವಿದ್ಯಾರ್ಥಿಗಳು, ತಾತ್ಕಾಲಿಕ ವೀಸಾದಲ್ಲಿ ಕೆಲಸಕ್ಕೆ ಬಂದವರು, ಬಾಣಂತನಕ್ಕೆಂದು ಊರಿನಿಂದ ಬಂದ ಅಪ್ಪ–ಅಮ್ಮ ಮಾಡಿಸುವ ವಿಮೆಗಳು ಬೇರೆಯೇ ಬಗೆಯವು; ಅವಕ್ಕೆ ರಿಯಾಯಿತಿ ಇಲ್ಲ. ಕಾಯಂ ನಿವಾಸ ಸಿಕ್ಕಿ ಮೆಡಿಕೇರ್ ಕಾರ್ಡ್ ಕೈಗೆ ಬಂದ ಮೇಲೆ, ವಯಸ್ಸು 31 ದಾಟಿದ್ದರೆ, ನೋಂದಣಿಯಾದ 12 ತಿಂಗಳೊಳಗೆ ಆಸ್ಪತ್ರೆ ವಿಮೆ ಕೊಂಡರೆ ವಯಸ್ಸಿನ ಲೋಡಿಂಗ್ ಬೀಳುವುದಿಲ್ಲ. ಆ ವರ್ಷ ಮನೆ ಹುಡುಕುವುದು, ಮಕ್ಕಳ ಶಾಲೆ ಎಂದು ಕಳೆದುಹೋಗಿ, 38ರ ವಯಸ್ಸಿನಲ್ಲಿ ಕೊಳ್ಳಹೊರಟರೆ ಶೇ 16 ಹೆಚ್ಚು, ಅದೂ ಹತ್ತು ವರ್ಷ. ಆ ಹೆಚ್ಚುವರಿ ಭಾಗಕ್ಕೆ 2013ರ ಜುಲೈಯಿಂದ ರಿಯಾಯಿತಿಯೂ ಸಿಗುವುದಿಲ್ಲ.

ಆದಾಯದ ಮಿತಿ ಮತ್ತು ಸದ್ದಿಲ್ಲದ ಇಳಿಕೆ

2007ರ ಚುನಾವಣೆಗೆ ಮುಂಚೆ ರಿಯಾಯಿತಿಯನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದ ಕೆವಿನ್ ರಡ್ ಅವರ ಲೇಬರ್ ಸರ್ಕಾರ, 2009ರ ಬಜೆಟ್‌ನಲ್ಲಿ ಹೆಚ್ಚು ಆದಾಯದವರಿಗೆ ಅದನ್ನು ಕಡಿತಗೊಳಿಸುವ ಪ್ರಸ್ತಾಪ ಇಟ್ಟಿತು. ಸೆನೆಟ್ ತಿರಸ್ಕರಿಸಿತು. ಜೂಲಿಯಾ ಗಿಲಾರ್ಡ್ ಪ್ರಧಾನಿಯಾಗಿದ್ದಾಗ, 2012ರ ಮಾರ್ಚ್‌ನಲ್ಲಿ ಅದು ಕೊನೆಗೂ ಅಂಗೀಕಾರವಾಗಿ ಜುಲೈ 1ರಂದು ಜಾರಿಗೆ ಬಂತು. ಪೂರ್ಣ ರಿಯಾಯಿತಿಯ ಮಿತಿ ಒಂಟಿಯಾಗಿರುವವರಿಗೆ 84,000, ಕುಟುಂಬಕ್ಕೆ 1,68,000 ಡಾಲರ್. ಶ್ರೀಮಂತರು ವಿಮೆ ಬಿಟ್ಟು ಸರ್ಕಾರಿ ಆಸ್ಪತ್ರೆಗಳಿಗೆ ನುಗ್ಗುತ್ತಾರೆ ಎಂದು ವಿಮಾ ಸಂಸ್ಥೆಗಳು ಎಚ್ಚರಿಸಿದ್ದವು. ಅವರು ಮಾಡಿದ್ದೇ ಬೇರೆ: ಜೂನ್ ಮುಗಿಯುವುದರೊಳಗೆ ಮುಂದಿನ ಒಂದು ವರ್ಷದ, ಕೆಲವರು ಇನ್ನೂ ಹೆಚ್ಚು ಅವಧಿಯ ಪ್ರೀಮಿಯಂ ಮುಂಗಡ ಕಟ್ಟಿ ಹಳೆಯ ಶೇ 30ನ್ನು ಜೇಬಿಗಿಳಿಸಿದರು. ಸರ್‌ಚಾರ್ಜಿನ ದರವನ್ನೂ ಅದೇ ದಿನ ಏರಿಸಿದ್ದರಿಂದ ವಿಮೆ ಬಿಟ್ಟವರು ವಿರಳ. ದಾನ ನಿಂತರೂ ದಂಡವೊಂದೇ ಹಿಡಿದಿಡಬಲ್ಲದು ಎಂಬುದು ಇದರಿಂದ ಸ್ಪಷ್ಟವಾಯಿತು.

ಇದಕ್ಕಿಂತ ದೂರಗಾಮಿಯಾದ, ಆದರೆ ಸಾರ್ವಜನಿಕರು ಅಷ್ಟಾಗಿ ಗಮನಿಸದ ಬದಲಾವಣೆ 2014ರ ಏಪ್ರಿಲ್‌ನದು. ಅಲ್ಲಿಯವರೆಗೆ ಪ್ರೀಮಿಯಂ ಎಷ್ಟು ಏರಿದರೂ ಅದರ ಶೇ 30 ಸರ್ಕಾರದ್ದು. ಅಂದಿನಿಂದ ಪ್ರತಿ ವರ್ಷ ಪ್ರೀಮಿಯಂನ ಸರಾಸರಿ ಏರಿಕೆಯನ್ನು ಗ್ರಾಹಕ ಬೆಲೆ ಸೂಚ್ಯಂಕದ ಏರಿಕೆಯೊಂದಿಗೆ ಹೋಲಿಸುತ್ತಾರೆ. ಪ್ರೀಮಿಯಂ ಹೆಚ್ಚು ಏರಿದ್ದರೆ ಆ ವ್ಯತ್ಯಾಸಕ್ಕೆ ತಕ್ಕ ಅನುಪಾತದಲ್ಲಿ ರಿಯಾಯಿತಿಯ ದರ ಇಳಿಯುತ್ತದೆ. ಶೇ 30 ಇದ್ದದ್ದು ಮೊದಲ ವರ್ಷ 29.04 ಆಯಿತು, 2018ರಲ್ಲಿ 25.415, 2021ರಲ್ಲಿ 24.608. ಆಮೇಲೆ ಹಣದುಬ್ಬರ ಜೋರಾಗಿ, ಪ್ರೀಮಿಯಂ ಏರಿಕೆ ಅದಕ್ಕಿಂತ ಕಡಿಮೆಯಾದ ವರ್ಷಗಳೂ ಬಂದವು. ಆಗ ದರ ಮೇಲೇರಬೇಕಿತ್ತಲ್ಲವೇ? ಏರಲಿಲ್ಲ, 2022ರಲ್ಲೂ 23ರಲ್ಲೂ 24ರಲ್ಲೂ ಇದ್ದಲ್ಲೇ ನಿಂತಿತು. 2025ರಲ್ಲಿ ಪ್ರೀಮಿಯಂ ಮತ್ತೆ ಹಣದುಬ್ಬರವನ್ನು ಮೀರಿದಾಗ ಇನ್ನಷ್ಟು ಇಳಿಯಿತು. ಈ ಸೂತ್ರಕ್ಕೆ ಇಳಿಯುವುದು ಗೊತ್ತು, ಏರುವುದು ಗೊತ್ತಿಲ್ಲ. ಇದರ ಜೊತೆಗೆ, ಒಂಟಿಯಾಗಿರುವವರಿಗೆ 90,000, ಕುಟುಂಬಕ್ಕೆ 1,80,000 ಎಂಬ ಆದಾಯ ಮಿತಿಯನ್ನು 2014–15ರಿಂದ 2023ರ ಜೂನ್‌ವರೆಗೆ ಏರಿಸದೆ ಹಾಗೇ ಹಿಡಿದಿಟ್ಟಿದ್ದರಿಂದ, ಸಂಬಳ ಏರಿದ ಮಧ್ಯಮ ವರ್ಗದವರು ತಾವಾಗಿಯೇ ಕೆಳದರದ ಹಂತಕ್ಕೆ ಜಾರಿದರು.

ಎರಡು ಮುಖ್ಯ ಪಕ್ಷಗಳಲ್ಲಿ ಯಾವುದೂ ಈ ಅವಧಿಯಲ್ಲಿ ‘ರಿಯಾಯಿತಿ ಕಡಿಮೆ ಮಾಡುತ್ತೇವೆ’ ಎಂದು ಚುನಾವಣೆಗೆ ಹೋಗಲಿಲ್ಲ. ಹತ್ತು ವರ್ಷದಲ್ಲಿ ಐದನೇ ಒಂದು ಭಾಗ ಕರಗಿತು. ಹಿಂಪಡೆಯಲು ಧೈರ್ಯವಿಲ್ಲದ, ಮುಂದುವರಿಸಲು ಮನಸ್ಸಿಲ್ಲದ ಸಹಾಯಧನವನ್ನು ಎರಡೂ ಪಕ್ಷಗಳು ಹೀಗೆ ಸೂತ್ರದ ಕೈಗೆ ಒಪ್ಪಿಸಿ ಕೂತಿವೆ.

ಏನೇನಕ್ಕೆ ಸಲ್ಲುತ್ತದೆ

ಆಸ್ಪತ್ರೆ ವಿಮೆಗಷ್ಟೇ ಅಲ್ಲ, ‘ಎಕ್ಸ್‌ಟ್ರಾಸ್’ ಎಂದು ಕರೆಯುವ ಹಲ್ಲು, ಕನ್ನಡಕ, ಫಿಸಿಯೊಥೆರಪಿಯಂಥ ಸೇವೆಗಳ ವಿಮೆಗೂ ರಿಯಾಯಿತಿ ಇದೆ. ವಯಸ್ಕರ ದಂತ ಚಿಕಿತ್ಸೆಯನ್ನು ಮೆಡಿಕೇರ್ ಬಹುತೇಕ ನೋಡಿಕೊಳ್ಳದ ಕಾರಣ ಎಕ್ಸ್‌ಟ್ರಾಸ್ ಇರುವವರು ಆಸ್ಪತ್ರೆ ವಿಮೆ ಇರುವವರಿಗಿಂತ ಹೆಚ್ಚು. ಸರ್ಕಾರಿ ಆಸ್ಪತ್ರೆಯ ಹೊರೆ ಇಳಿಸಲು ಎಂದು ಕೊಡುವ ಹಣ ಕನ್ನಡಕದ ಫ್ರೇಮಿಗೂ ಹೋಗುವುದು ಹೇಗೆ ಸರಿ ಎಂಬ ಪ್ರಶ್ನೆಗೆ ಸಮಾಧಾನಕರ ಉತ್ತರ ಯಾರಿಂದಲೂ ಬಂದಿಲ್ಲ.

2019ರ ಏಪ್ರಿಲ್‌ನಲ್ಲಿ ಪರಿಣಾಮಕ್ಕೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲ ಎಂದು 16 ಬಗೆಯ ಚಿಕಿತ್ಸೆಗಳನ್ನು ಎಕ್ಸ್‌ಟ್ರಾಸ್‌ನಿಂದ ಹೊರಗಿಡಲಾಯಿತು. ಹೋಮಿಯೋಪಥಿ, ಅರೋಮಾಥೆರಪಿಗಳ ಜೊತೆಗೆ ಯೋಗವೂ ಆ ಪಟ್ಟಿಯಲ್ಲಿತ್ತು. ಮರುಪರಿಶೀಲನೆಯ ನಂತರ 2025ರ ಏಪ್ರಿಲ್‌ನಿಂದ ಯೋಗ, ತಾಯ್ ಚಿ, ಪಿಲಾಟೆಸ್ ಮುಂತಾದ ಕೆಲವಕ್ಕೆ ಮತ್ತೆ ಪ್ರವೇಶ ಸಿಕ್ಕಿತು, ಹೋಮಿಯೋಪಥಿಗೆ ಸಿಗಲಿಲ್ಲ.

ವಾದ–ಪ್ರತಿವಾದ

ಪರವಾದಿಗಳ ಮಾತು ಸರಳ. ಆಸ್ಟ್ರೇಲಿಯಾದಲ್ಲಿ ಮುಂಚಿತವಾಗಿ ದಿನ ಗೊತ್ತು ಮಾಡಿ ನಡೆಸುವ ಶಸ್ತ್ರಚಿಕಿತ್ಸೆಗಳಲ್ಲಿ ಸುಮಾರು ಮೂರನೇ ಎರಡು ಭಾಗ ಖಾಸಗಿ ಆಸ್ಪತ್ರೆಗಳಲ್ಲಾಗುತ್ತವೆ. ಮೊಣಕಾಲು ಕೀಲು ಬದಲಾವಣೆಗೆ, ಕಣ್ಣಿನ ಪೊರೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಕಾಯುವ ಸರದಿ ಈಗಾಗಲೇ ಇದೆ. ಖಾಸಗಿಗೆ ಹೋಗುವವರೆಲ್ಲ ಅದೇ ಸಾಲಿಗೆ ಬಂದು ನಿಂತರೆ ಗತಿಯೇನು? ರೋಗಿಯ ಖರ್ಚಿನ ಕಾಲುಭಾಗ ಕೊಟ್ಟು ಮುಕ್ಕಾಲುಭಾಗ ಉಳಿಸುವುದು ಸರ್ಕಾರಕ್ಕೆ ಲಾಭವಲ್ಲವೇ?

ಈ ಲೆಕ್ಕ ಸರಿಯಾಗಬೇಕಾದರೆ ರಿಯಾಯಿತಿ ಇಲ್ಲದಿದ್ದರೆ ಜನ ವಿಮೆ ಬಿಡುತ್ತಿದ್ದರು ಎಂದಾಗಬೇಕು. ಅನುಮಾನ ಇರುವುದು ಇಲ್ಲೇ. ಅರ್ಥಶಾಸ್ತ್ರಜ್ಞ ಜೇಮ್ಸ್ ಬಟ್ಲರ್ 2002ರಲ್ಲಿ 1997–2000ದ ಅಂಕಿಗಳನ್ನು ಬಿಡಿಸಿ ನೋಡಿ, ಏರಿಕೆಗೆ ಮುಖ್ಯ ಕಾರಣ ಖರ್ಚೇ ಇಲ್ಲದ ವಯಸ್ಸಿನ ಲೋಡಿಂಗ್, ಕೋಟಿಗಟ್ಟಲೆ ನುಂಗಿದ ರಿಯಾಯಿತಿಯಲ್ಲ ಎಂದು ವಾದಿಸಿದರು. ಮೆಡಿಕೇರ್‌ನ ಮೂಲ ನಕ್ಷೆ ಬರೆದವರಲ್ಲಿ ಒಬ್ಬರಾದ ಡೀಬಲ್ 2003ರಲ್ಲಿ ರಾಜ್ಯಗಳ ಆರೋಗ್ಯ ಸಚಿವರಿಗೆ ಸಲ್ಲಿಸಿದ ವರದಿಯಲ್ಲಿ, ಸುರಿದ ಹಣಕ್ಕೆ ಹೋಲಿಸಿದರೆ ಸರ್ಕಾರಿ ಆಸ್ಪತ್ರೆಗಳ ಭಾರ ತಗ್ಗಿದ್ದು ಅಲ್ಪ ಎಂದರು. 2014ರಲ್ಲಿ ಅರ್ಥಶಾಸ್ತ್ರಜ್ಞ ಟೆರೆನ್ಸ್ ಚೆಂಗ್ ಪ್ರಕಟಿಸಿದ ಅಧ್ಯಯನದ ನಿಲುವೂ ಇದೇ ದಿಕ್ಕಿನದು: ರಿಯಾಯಿತಿ ಕಡಿತಗೊಳಿಸಿದರೆ ಸರ್ಕಾರಿ ಆಸ್ಪತ್ರೆಗಳಿಗೆ ಬೀಳುವ ಹೆಚ್ಚುವರಿ ಖರ್ಚಿಗಿಂತ ಉಳಿತಾಯವೇ ಹೆಚ್ಚು. ಹಿಂದೆಯೂ ವಿಮೆ ಇದ್ದವನಿಗೆ, ಮುಂದೆಯೂ ಬಿಡದವನಿಗೆ ಕೊಟ್ಟ ಹಣ ಯಾರ ನಡವಳಿಕೆಯನ್ನೂ ಬದಲಿಸುವುದಿಲ್ಲ ಎಂಬುದು ಈ ವಾದಗಳ ತಿರುಳು, ಮತ್ತು ಅದನ್ನು ಅಲ್ಲಗಳೆಯುವುದು ಕಷ್ಟ.

ಖಾಸಗಿ ರೋಗಿ ಸರ್ಕಾರಕ್ಕೆ ಪುಕ್ಕಟೆಯೂ ಅಲ್ಲ. ಖಾಸಗಿ ಆಸ್ಪತ್ರೆಯಲ್ಲಿ ವೈದ್ಯರ ಶುಲ್ಕಕ್ಕೆ ಸರ್ಕಾರ ನಿಗದಿ ಮಾಡಿದ ದರದ ಶೇ 75ನ್ನು ಮೆಡಿಕೇರ್ ಭರಿಸುತ್ತದೆ, ಶೇ 25 ವಿಮಾ ಸಂಸ್ಥೆಯದು. ವೈದ್ಯರು ಅದಕ್ಕಿಂತ ಹೆಚ್ಚು ಕೇಳಿದರೆ ಆ ‘ಗ್ಯಾಪ್’ ಹಲವು ವೇಳೆ ರೋಗಿಯ ಜೇಬಿನಿಂದಲೇ ಹೋಗಬೇಕು. ವಿಮೆ ಇದ್ದೂ ಸಾವಿರಾರು ಡಾಲರ್ ಬಿಲ್ ಬಂತು ಎಂಬ ದೂರು ಸಾಮಾನ್ಯ. 2019ರಲ್ಲಿ ಗ್ರಾಟನ್ ಇನ್‌ಸ್ಟಿಟ್ಯೂಟ್‌ ಎಂಬ ನೀತಿ ಅಧ್ಯಯನ ಸಂಸ್ಥೆಯ ಸ್ಟೀಫನ್ ಡಕೆಟ್ ಮತ್ತು ಸಹಲೇಖಕರು, ಯುವಕರು ಮತ್ತೆ ವಿಮೆ ಬಿಡುತ್ತಿದ್ದಾರೆ, 1990ರ ದಶಕದ ವಿಷಚಕ್ರ ಮರುಕಳಿಸುತ್ತಿದೆ ಎಂದು ಬರೆದರು. ಕೋವಿಡ್ ನಂತರ ಸರ್ಕಾರಿ ಆಸ್ಪತ್ರೆಗಳ ಸರದಿ ಬೆಳೆದು ವಿಮೆ ಕೊಳ್ಳುವವರು ಮತ್ತೆ ಹೆಚ್ಚಿದ್ದರಿಂದ ಆ ಭಯ ಸದ್ಯಕ್ಕೆ ಹಿಂದೆ ಸರಿದಿದೆ. ಪೂರ್ಣ ದರದ ರಿಯಾಯಿತಿ ಶೇ 25ಕ್ಕಿಂತ ಕೆಳಗಿದ್ದ ವರ್ಷಗಳಲ್ಲೇ ಈ ಏರಿಕೆಯಾಯಿತು.

ಇನ್ನೊಂದು ವಿಚಿತ್ರ: 2014ರ ಕೊನೆಗೆ ಷೇರು ಮಾರುಕಟ್ಟೆಯಲ್ಲಿ ಮಾರಾಟವಾಗುವವರೆಗೂ ಮೆಡಿಬ್ಯಾಂಕ್ ಪ್ರೈವೇಟ್ ಸರ್ಕಾರದ ಸ್ವತ್ತು. ಪ್ರೀಮಿಯಂ ಏರಿಕೆಗೆ ಒಪ್ಪಿಗೆ ಕೊಡುವವನು, ಅದರಲ್ಲಿ ಪಾಲು ಕಟ್ಟುವವನು, ದೊಡ್ಡ ವಿಮಾ ಸಂಸ್ಥೆಯೊಂದರ ಮಾಲೀಕ, ಮೂವರೂ ಹದಿನೈದು ವರ್ಷ ಒಬ್ಬನೇ ಆಗಿದ್ದ.

ಇತರ ದೇಶಗಳು

ಬ್ರಿಟನ್ 1990ರಿಂದ 60 ದಾಟಿದವರ ಪ್ರೀಮಿಯಂಗೆ ತೆರಿಗೆ ವಿನಾಯಿತಿ ಕೊಟ್ಟಿತ್ತು. 1997ರ ಜುಲೈಯಲ್ಲಿ ಗಾರ್ಡನ್ ಬ್ರೌನ್ ತಮ್ಮ ಮೊದಲ ಬಜೆಟ್‌ನಲ್ಲೇ ಅದನ್ನು ರದ್ದು ಮಾಡಿದರು. ಐರ್ಲೆಂಡ್ ಶೇ 20ರ ರಿಯಾಯಿತಿಯನ್ನು ಪ್ರೀಮಿಯಂನಲ್ಲೇ ಕಳೆದುಕೊಡುತ್ತದೆ, ಆದರೆ 2013ರ ಅಕ್ಟೋಬರ್‌ನಿಂದ ವಯಸ್ಕರಿಗೆ 1,000 ಯೂರೊ, ಮಕ್ಕಳಿಗೆ 500 ಯೂರೊ ಪ್ರೀಮಿಯಂವರೆಗೆ ಮಾತ್ರ. ಅಮೆರಿಕದಲ್ಲಿ 2014ರಿಂದ ಇರುವ ಪ್ರೀಮಿಯಂ ತೆರಿಗೆ ಜಮೆ ಬೇರೆ ಜಾತಿಯದು. ಸಾರ್ವತ್ರಿಕ ಸರ್ಕಾರಿ ವಿಮೆ ಇಲ್ಲದ ಅಲ್ಲಿ ಅದು ಎರಡನೆಯ ವಿಮೆಗಲ್ಲ, ಇರುವ ಒಂದೇ ವಿಮೆಗೆ ನೆರವು.

ಭಾರತದಲ್ಲಿ ಆದಾಯ ತೆರಿಗೆ ಕಾಯ್ದೆಯ 80ಡಿ ವಿಧಿಯಡಿ ಬಹುಕಾಲದಿಂದ ಇರುವುದು, ಅರ್ಲ್ ಪೇಜ್ ಕಾಲದ ಆಸ್ಟ್ರೇಲಿಯಾದಲ್ಲಿದ್ದಂಥ ಕಡಿತ. ಪ್ರೀಮಿಯಂನಲ್ಲಿ 25,000 ರೂಪಾಯಿವರೆಗೆ, ಹಿರಿಯ ನಾಗರಿಕರಾದರೆ 50,000ದವರೆಗೆ ತೆರಿಗೆಯ ಲೆಕ್ಕದಿಂದ ಕಳೆಯಬಹುದು. ಸೆಸ್ ಬಿಟ್ಟು ಲೆಕ್ಕ ಹಾಕಿದರೆ 25,000 ಕಟ್ಟಿದ ಶೇ 30ರ ಸ್ಲ್ಯಾಬಿನವನಿಗೆ 7,500 ರೂಪಾಯಿ ಉಳಿಯುತ್ತದೆ, ಶೇ 5ರವನಿಗೆ 1,250. ತೆರಿಗೆಯ ಮಿತಿಗೇ ಬಾರದವನಿಗೆ ಏನೂ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಈ ಕಡಿತವಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬದ ಆರೋಗ್ಯ ಪಾಲಿಸಿಗಳ ಮೇಲಿದ್ದ ಶೇ 18ರ ಜಿಎಸ್‌ಟಿ ತೆಗೆದದ್ದು ಮಾತ್ರ ಆದಾಯ ತೆರಿಗೆ ಕಟ್ಟದವನ ರಸೀದಿಯಲ್ಲೂ ಕಾಣುತ್ತದೆ. ಆದರೆ ವಿಮಾ ಸಂಸ್ಥೆಗಳು ತಾವು ಕೊಳ್ಳುವ ಸೇವೆಗಳಿಗೆ ಕಟ್ಟಿದ ಜಿಎಸ್‌ಟಿಯನ್ನು ಇನ್ನು ಹಿಂಪಡೆಯುವಂತಿಲ್ಲವಾದ್ದರಿಂದ, ಆ ಹೊರೆಯಲ್ಲಿ ಒಂದಿಷ್ಟು ಮೂಲ ಪ್ರೀಮಿಯಂಗೆ ಸೇರಿಕೊಳ್ಳುವ ಸಾಧ್ಯತೆ ಇದ್ದೇ ಇದೆ.